ನೀರಿನ ಗುಳಗಿ ನಡದಾಗ ಬ್ಯಾನಿ ಗುಳಗಿ ಕೇಳಿ ತಗೋರಿ

ತೊಗರಿ ರಾಶಿ ಮುಗೀತಂದ್ರ ನಮ್ಮ ಗೊಬ್ಬೂರಾಗ ಮನಿಗೊಬ್ಬರು ನಡಾ ಹಿಡ್ಕೊಂಡು ಕೂಡ್ತಾರ. ಅಂಗಡಿಯಿಂದ ಒಂದು ಬ್ಯಾನಿ ಗುಳಗಿ ತರಸ್ತಾರ, ನುಂಗ್ತಾರ, ಮತ್ತ ಕೆಲಸಕ್ಕ ಹೋಗ್ತಾರ. ಮೈ ನೊಂದ್ರ ಏನರೆ ಮಾಡ್ಲೇಬೇಕಲ್ಲ. ಆದ್ರ ಬಿಪಿ ಇದ್ದವರು, ಕಾಲಿಗಿ ಬಾವು ಬಂದವರು, ಹಾರ್ಟಿನ ಗುಳಗಿ ತಗೋಳ್ಳೋರು ಹಿಂಗ ಮಾಡಬಾರದು ಅಂಬೋದು ನನ್ನ ಮಾತು.

‘ನಂದು ಬರೇ ಬಿಪಿ ಗುಳಗಿ, ನೀರಿನ ಗುಳಗಿ ಅಲ್ಲ’ ಅಂತೀರಿ. ಪಟ್ಟಿ ಹೊಳ್ಳಿಸಿ ನೋಡ್ರಿ. ಹೆಸರಿನ ಕಡೀಕ ‘ಎಚ್’ ಇದ್ರ ಭಾಳ ಸಲ ಅದರಾಗ ಹೈಡ್ರೋಕ್ಲೋರೋಥಯಾಜೈಡ್ ಸೇರಿರ್ತದ. ಲ್ಯಾಸಿಕ್ಸ್‌ನಂಗ ಅದೂ ನೀರಿನ ಗುಳಗಿನೇ.

ನೀರಿನ ಗುಳಗಿ ಮೈಯಾಗಿನ ಉಪ್ಪು-ನೀರು ಹೊರಗ ಹಾಕ್ತದ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಥರದ ಬಿಪಿ ಗುಳಗಿ ಕಿಡ್ನಿ ಜರಡಿಯಿಂದ ರಕ್ತ ಹೊರಗ ಹೋಗೋ ನಾಳ ಸಡಿಲ ಮಾಡ್ತದ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಬ್ಯಾನಿ ಗುಳಗಿ ರಕ್ತ ಒಳಗ ಬರೋ ನಾಳ ಬಿಗಿ ಮಾಡ್ತದ. ಕಾಲುವ್ಯಾಗ ನೀರೇ ಕಮ್ಮಿ, ಮಡಿಗಿ ನೀರು ಬರೋ ಬಾಯಿ ಸಣ್ಣದು, ಹೋಗೋ ಬಾಯಿ ದೊಡ್ಡದು ಅಂದ್ರ ಮಡ್ಯಾಗ ನೀರು ಹ್ಯಾಂಗ ನಿಲ್ತದ? ಮೂರೂ ಕೂಡಿದ್ರ ಕಿಡ್ನಿಗಿ ಪೆಟ್ಟು ಬೀಳೋ ಅಂಜಿಕಿ. ವಯಸ್ಸಾದವರಿಗಿ, ಬ್ಯಾಸಗಿ ಬಿಸಲಾಗ, ವಾಂತಿ-ಭೇದಿ ಹತ್ತಿದಾಗ ಇನ್ನಾ ಜಾಸ್ತಿ. ಮ್ಯಾಲ ಬ್ಯಾನಿ ಗುಳಗಿ ಮೈಯಾಗ ನೀರು ಹಿಡಿದಿಡ್ತದ. ಇಳದ ಬಾವು ಹೊಳ್ಳಿ ಬರ್ತದ, ಬಿಪಿನೂ ಏರ್ತದ.

ಇನ್ನೊಂದು ಪೊಟ್ಯಾಸಿಯಂ. ಲ್ಯಾಸಿಕ್ಸ್ ಅದನ್ನ ಇಳಸ್ತದ. ಡಿಗಾಕ್ಸಿನ್ ತಗೋಳ್ಳೋರಿಗಿ ಆಗ ಎದಿ ಬಡಿತದ ತಾಳ ತಪ್ಪಬಹುದು. ಆಲ್ಡಕ್ಟೋನ್ ಅದನ್ನ ಏರಸ್ತದ. ಬಿಪಿಗಿ ಛಲೋ ಅಂತ ಕಮ್ಮಿ ಸೋಡಿಯಂ ಉಪ್ಪು ತಂದ್ರ, ಅದರಾಗೂ ಪೊಟ್ಯಾಸಿಯಂ ಇರ್ತದ.

ಹಂಗಂತ ಅಂಜಿ ಡಾಕ್ಟರು ಬರದ ಗುಳಗಿ ನೀವೇ ಬಿಡಬ್ಯಾಡ್ರಿ. ಎಲ್ಲಾ ಪಟ್ಟಿ ಒಂದು ಚೀಲದಾಗ ಹಾಕ್ಕೊಂಡು ಹೋಗ್ರಿ. ‘ನಾ ನೀರಿನ ಗುಳಗಿ ತಗೋತೀನಿ, ನನಗ ಯಾವ ಬ್ಯಾನಿ ಗುಳಗಿ ನಡೀತದ?’ ಅಂತ ಕೇಳ್ರಿ. ನೋವಿನ ಸೂಜಿ ಮಾಡಿಸೋ ಮುಂದನೂ ಇದನ್ನೇ ಹೇಳ್ರಿ. ಹಿಂತವರಿಗಿ ಭಾಳ ಸಲ ಮೊದಲು ಪ್ಯಾರಾಸಿಟಮಾಲ್ ಕೊಡ್ತಾರ. ಅದಕ್ಕೂ ಲೆಕ್ಕ ಅದ. ಒಂದಕ್ಕ ಹೋಗೋದು ಕಮ್ಮಿ ಆದ್ರ, ತಲಿ ತಿರಗಿದ್ರ, ವಾಂತಿ-ಭೇದಿ ನಿಲ್ಲದಿದ್ರ ಅವತ್ತೇ ತೋರಸ್ರಿ.

ನಾವು ಹೆಂಗಸರು ನಮ್ಮ ಬ್ಯಾನಿ ಯಾರಿಗೂ ಹೇಳಲ್ಲ, ಹಂಗೇ ನುಂಗಿದ ಗುಳಗಿನೂ ಹೇಳಲ್ಲ. ಬ್ಯಾನಿ ಬೇಕಾದ್ರ ಮುಚ್ಚಿಡ್ರಿ, ಗುಳಗಿ ಮಾತ್ರ ಮುಚ್ಚಿಡಬ್ಯಾಡ್ರಿ.