ನೋಟಿಸು ಗಲ್ಲಾದೊಳಗೆ ಇಡುವ ಕಾಗದವಲ್ಲ

ಹೋಟೇಲು ಬಂಧುಗಳೇ, ನಮಗೆಲ್ಲ ಒಂದು ಹಳೇ ಅಭ್ಯಾಸ ಇದೆ. ಖಾಕಿ ಬಟ್ಟೆಯವರಾಗಲಿ, ಕೈಯಲ್ಲಿ ಫೈಲು ಹಿಡಿದ ಸಾಹೇಬರಾಗಲಿ ಗಲ್ಲಾದ ಎದುರು ಬಂದು ನಿಂತರೆ ಮೊದಲು ಚಾ ತರಿಸುತ್ತೇವೆ. ಆಮೇಲೆ ಮೆಲ್ಲಗೆ "ಎಷ್ಟಾಗುತ್ತದೆ ಸಾಹೇಬ್ರೆ?" ಎಂದು ಕೇಳುತ್ತೇವೆ. ಏನು ತಪ್ಪು, ಯಾವ ಕಾನೂನು, ಕೊಟ್ಟ ಹಣಕ್ಕೆ ರಸೀದಿ ಎಲ್ಲಿ ಎಂದು ಕೇಳುವವರು ನೂರರಲ್ಲಿ ನಾಲ್ಕು ಮಂದಿಯೂ ಇರಲಿಕ್ಕಿಲ್ಲ. ನಾನೂ ಕೇಳಿದವನಲ್ಲ. ಕೇಳದೆ ಏನಾಯಿತು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

2016ರಲ್ಲಿ ನನ್ನ ಹೋಟೇಲಿನ ಅಡಿಗೆಮನೆ ತಪಾಸಣೆ ಆಯಿತು. ಗೋಡೆಯ ಪ್ಲಾಸ್ಟರು ಉದುರುತ್ತಿತ್ತು, ಕಸದ ಡಬ್ಬಕ್ಕೆ ಮುಚ್ಚಳ ಇರಲಿಲ್ಲ, ಹುಡುಗರ ವೈದ್ಯಕೀಯ ಸರ್ಟಿಫಿಕೇಟು ಹಳೆಯದಾಗಿತ್ತು. ಕೆಲವು ದಿನಗಳಲ್ಲಿ ಸುಧಾರಣಾ ನೋಟಿಸು ಬಂತು. ಮ್ಯಾನೇಜರ್ ಅದನ್ನು ಗಲ್ಲಾದೊಳಗೆ ಇಟ್ಟ. ನಾನು ಹತ್ತನೇ ಕ್ಲಾಸು ಓದಿದವನು, ಎರಡು ಪುಟದ ಇಂಗ್ಲಿಷ್ ನೋಡಿ ಓದುವ ಗೋಜಿಗೇ ಹೋಗಲಿಲ್ಲ. ಪರಿಚಯದ ಏಜೆಂಟನೊಬ್ಬ "ನಾನು ಮ್ಯಾನೇಜ್ ಮಾಡ್ತೇನೆ ಅಣ್ಣ, ನೀವು ತಲೆ ಬಿಸಿ ಮಾಡ್ಬೇಡಿ" ಎಂದ. ಕೇಳಿದಷ್ಟು ಕೊಟ್ಟೆ. ರಸೀದಿ ಇಲ್ಲ. ನೋಟಿಸಿನ ಗಡುವು ಮುಗಿದ ಮೇಲೆ ಲೈಸೆನ್ಸ್ ಅಮಾನತಿನ ಆರ್ಡರ್ ಬಂತು. ಏಜೆಂಟನ ಫೋನು ಸ್ವಿಚ್ ಆಫ್. ಹನ್ನೊಂದು ದಿನ ಶಟರ್ ಎಳೆದು ಕೂತೆ. ಹದಿನಾಲ್ಕು ಹುಡುಗರ ಊಟ, ಸಂಬಳ, ಜಾಗದ ಬಾಡಿಗೆ ನಿಲ್ಲುತ್ತದೆಯೇ? ಕಡೆಗೆ ಗೋಡೆ, ಡಬ್ಬ, ಸರ್ಟಿಫಿಕೇಟು ಎಲ್ಲ ಸರಿ ಮಾಡಿಸಲು ಆದ ಖರ್ಚು ಏಜೆಂಟನಿಗೆ ಕೊಟ್ಟದ್ದಕ್ಕಿಂತ ಕಡಿಮೆ!

ಆಮೇಲೆ ವಕೀಲರ ಹತ್ತಿರ ಕೂತು ಆ ನೋಟಿಸನ್ನು ಓದಿಸಿದೆ. ಆಗ ಗೊತ್ತಾಯಿತು, ಅದು ಶಿಕ್ಷೆಯಲ್ಲ, ಅವಕಾಶ. 2006ರ ಆಹಾರ ಸುರಕ್ಷತಾ ಕಾನೂನಿನ 32ನೇ ಸೆಕ್ಷನ್ ಪ್ರಕಾರ ಏನು ಕೊರತೆ, ಏನು ಮಾಡಬೇಕು ಎಂದು ನೋಟಿಸಿನಲ್ಲಿ ಬರೆದು ತಿಳಿಸಬೇಕು. ಸರಿಪಡಿಸಲು ಕನಿಷ್ಠ 14 ದಿನ ಕೊಡಬೇಕು. ಸರಿ ಮಾಡಿದರೆ ವಿಷಯ ಅಲ್ಲಿಗೇ ಮುಗಿಯಿತು. ಮಾಡದಿದ್ದರೆ ಮಾತ್ರ ಅಮಾನತು, ಆಮೇಲೂ ಮಾಡದಿದ್ದರೆ ನಮ್ಮ ವಿವರಣೆ ಕೇಳಿ ಲೈಸೆನ್ಸ್ ರದ್ದು. ನೋಟಿಸೇ ತಪ್ಪು ಎನಿಸಿದರೆ ಆಹಾರ ಸುರಕ್ಷತಾ ಕಮಿಷನರರಿಗೆ ಅಪೀಲು ಹಾಕಬಹುದು. ಆದರೆ 15 ದಿನ ಅಥವಾ ನೋಟಿಸಿನ ಗಡುವು, ಯಾವುದು ಮೊದಲೋ ಅದರೊಳಗೆ ಹಾಕಬೇಕು. ನನ್ನ ಗಲ್ಲಾದೊಳಗೆ ಕೊಳೆತದ್ದು ಆ ದಿನಗಳು.

ನಮ್ಮ ಹಿರಿಯರಿಗೆ ಈ ಸೌಕರ್ಯ ಇರಲಿಲ್ಲ. 1954ರ ಕಲಬೆರಕೆ ತಡೆ ಕಾನೂನಿನಲ್ಲಿ ಸ್ಯಾಂಪಲ್ ಫೇಲಾಗಿ ಕೇಸಾದರೆ ಕ್ರಿಮಿನಲ್ ಕೋರ್ಟೇ ಗತಿ. ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಜೈಲು, ಸಾವಿರ ರೂಪಾಯಿ ದಂಡ. ಹೊಸ ಕಾನೂನು 2011ರಲ್ಲಿ ಜಾರಿಗೆ ಬಂದ ಮೇಲೆ ಎಷ್ಟೋ ತಪ್ಪುಗಳಿಗೆ ಜೈಲು ಹೋಗಿ ದಂಡ ಮಾತ್ರ ಉಳಿಯಿತು. ಅಡಿಗೆಮನೆ ಶುಚಿ ಇಲ್ಲದಿದ್ದರೆ ಒಂದು ಲಕ್ಷದವರೆಗೆ, ಗುಣಮಟ್ಟ ಕಡಿಮೆ ಇದ್ದರೆ ಐದು ಲಕ್ಷದವರೆಗೆ. ಅದನ್ನು ತೀರ್ಮಾನಿಸುವವರು ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಸಣ್ಣ ತಯಾರಕರು, ಚಿಲ್ಲರೆ ಮಾರಾಟಗಾರರು, ಬೀದಿ ವ್ಯಾಪಾರಿಗಳಿಗೆ 69ನೇ ಸೆಕ್ಷನ್ ಪ್ರಕಾರ ಹಣ ಕಟ್ಟಿ ರಾಜಿಯಲ್ಲಿ ಮುಗಿಸುವ ದಾರಿಯೂ ಇದೆ. ಅದೂ ಒಂದು ಲಕ್ಷದೊಳಗೆ, ಜೈಲು ಶಿಕ್ಷೆ ಇರುವ ತಪ್ಪಿಗೆ ಮಾತ್ರ ಇಲ್ಲ. ಜೀವಕ್ಕೆ ಅಪಾಯ ಆಗುವ ಆಹಾರ ಬಡಿಸಿದವನಿಗೆ ಇಂದಿಗೂ ಕೋರ್ಟು, ಜೈಲು ಇದೆ, ಇರಲೇಬೇಕು.

ಪೊಲೀಸರ ವಿಷಯವೂ ಹಾಗೆಯೇ. ಸಣ್ಣ ಅಪರಾಧಕ್ಕೆ ಮ್ಯಾಜಿಸ್ಟ್ರೇಟರು ವಿಶೇಷ ಸಮನ್ಸು ಕಳಿಸಿದರೆ ಕೋರ್ಟಿಗೆ ಹೋಗದೆಯೇ ತಪ್ಪು ಒಪ್ಪಿ ಕಾಗದ ಬರೆದು, ಅದರಲ್ಲಿ ನಮೂದಿಸಿದ ದಂಡವನ್ನು ಕಳಿಸಿ ಮುಗಿಸಬಹುದು. ಹಳೇ ಕಾನೂನಿನಲ್ಲೂ ಇದು ಇತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ, ಇಲ್ಲಿ ದಂಡದ ಮಿತಿ ಐದು ಸಾವಿರ ರೂಪಾಯಿ. ಹೋಟೇಲಿನೊಳಗೆ ಸಿಗರೇಟು ಸೇದುವವನಿಗೆ ಇನ್ನೂರು ರೂಪಾಯಿವರೆಗೆ ದಂಡ. ದೂರು ಬಂದರೂ ಮಾಲಕ ಸುಮ್ಮನಿದ್ದರೆ, ಎಷ್ಟು ಮಂದಿ ಸೇದಿದರೋ ಅಷ್ಟು ಮಂದಿಯ ದಂಡ ಮಾಲಕನ ತಲೆಗೆ. 2008ರ ಅಕ್ಟೋಬರ್ 2ರಿಂದ ಈ ನಿಯಮ ಇದೆ.

"ಇದೆಲ್ಲ ಪುಸ್ತಕದ ಮಾತು, ನಾಳೆ ಬೆಳಿಗ್ಗೆ ಶಟರ್ ತೆಗೆಯಬೇಕಲ್ಲ? ಕೊಟ್ಟು ಕೈ ತೊಳೆದುಕೊಳ್ಳುವುದೇ ಲೇಸು" ಎಂದು ಕೆಲವರು ಹೇಳುತ್ತಾರೆ. ಅವರ ಕಷ್ಟ ನನಗೆ ಗೊತ್ತು. ಪರವೂರಿನಲ್ಲಿ, ಪರಭಾಷೆಯಲ್ಲಿ ಧಂದೆ ಮಾಡುವವರು ನಾವು, ಜಗಳ ನಮಗೆ ಕಟ್ಟಿದ್ದಲ್ಲ. ಆದರೆ ಯೋಚಿಸಿ. ರಸೀದಿ ಇಲ್ಲದೆ ಕೊಟ್ಟ ಹಣ ಯಾವ ಕೇಸನ್ನೂ ಮುಗಿಸುವುದಿಲ್ಲ. ಕಾಗದದಲ್ಲಿ ನಮ್ಮ ತಪ್ಪು ಹಾಗೆಯೇ ಉಳಿಯುತ್ತದೆ. ಬಂದ ಸಾಹೇಬರು ವರ್ಗವಾಗಿ ಹೋದರೆ ಹೊಸಬರಿಗೆ ಮತ್ತೆ ಮೊದಲಿನಿಂದ ಶುರು. ಲಂಚ ಕೊಡುವುದೂ ಅಪರಾಧ, ಅದು ಬೇರೆ.

ಹಾಗೆಂದು ರಸೀದಿ ಸಿಗುತ್ತದೆ ಎಂದು ಕೇಳಿದ ಕಡೆ ಕಣ್ಣುಮುಚ್ಚಿ ಸಹಿ ಹಾಕುವುದೂ ಸರಿಯಲ್ಲ. ಹಲವು ಕಡೆ ದಂಡ ಕಟ್ಟುವುದೆಂದರೆ ತಪ್ಪು ಒಪ್ಪಿದಂತೆ. ಮುಂದೆ ದಂಡದ ಮೊತ್ತ ನಿಗದಿ ಮಾಡುವಾಗ ಅದೇ ತಪ್ಪು ಮತ್ತೆ ಮತ್ತೆ ಆಗಿದೆಯೇ ಎಂದು ನೋಡಬೇಕೆಂದು ಆಹಾರ ಕಾನೂನೇ ಹೇಳುತ್ತದೆ. ತಪ್ಪು ನಮ್ಮದಿದ್ದರೆ ಒಪ್ಪಿ, ಕಟ್ಟಿ, ಸರಿಪಡಿಸೋಣ. ನಮ್ಮದಲ್ಲದಿದ್ದರೆ ಗಡುವಿನೊಳಗೆ ಬರಹದಲ್ಲಿ ಉತ್ತರ ಕೊಟ್ಟು, ಪ್ರತಿಯ ಮೇಲೆ ಆಫೀಸಿನ ಸೀಲು ಹಾಕಿಸಿಕೊಳ್ಳೋಣ.

ನಮ್ಮ ಸಂಘಕ್ಕೆ ಒಂದು ವಿನಂತಿ. ವಾರ್ಷಿಕ ಸಭೆಯಲ್ಲಿ ಶಾಲು ಹೊದಿಸುವ ಕಾರ್ಯಕ್ರಮ ಒಂದು ಗಂಟೆ ಕಡಿಮೆಯಾದರೂ ಅಡ್ಡಿಯಿಲ್ಲ. ತಿಂಗಳಿಗೊಮ್ಮೆ ಸಂಘದ ಆಫೀಸಿನಲ್ಲಿ ಒಬ್ಬ ವಕೀಲರನ್ನು ಕೂರಿಸಿ. ಸದಸ್ಯರು ತಂದ ನೋಟಿಸನ್ನು ಅವರು ಕನ್ನಡದಲ್ಲಿ ಓದಿ ಹೇಳಲಿ. ಯಾವ ತಪ್ಪಿಗೆ ಯಾರು ದಂಡ ಹಾಕಬಹುದು, ಎಷ್ಟು ಹಾಕಬಹುದು ಎಂಬ ಒಂದು ಪುಟದ ಪಟ್ಟಿಯನ್ನು ಅಚ್ಚು ಮಾಡಿಸಿ ಎಲ್ಲರಿಗೂ ಹಂಚಿ. ಗಲ್ಲಾದ ಹಿಂದೆ ದೇವರ ಫೋಟೋದ ಕೆಳಗೆ ನಾನಂತೂ ಅಂಟಿಸುತ್ತೇನೆ.

ಬರುವ ಸಾಹೇಬರಿಗೆ ಚಾ ಕೊಡೋಣ, ಅದು ನಮ್ಮ ಕಸುಬು. ಚಾ ಕುಡಿದ ಮೇಲೆ ಕಾಗದ ಕೇಳೋಣ.