ಫಾರ್ಮ್ಯಾಟ್ ಮಾಡಿಸುವ ಮುನ್ನ ಒಂದು ನಿಮಿಷ ನಿಲ್ಲಿ!



ಮದುವೆ ಕಾಲದಲ್ಲಿ ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡಿನ ಯಾವ ಪ್ರೆಸ್ಸಿಗೆ ಹೋದರೂ ಈ ಗೋಳು ಕೇಳುತ್ತೀರಿ. ಲಗ್ನಪತ್ರಿಕೆ ಕಂಪೋಸ್ ಮಾಡುತ್ತಿದ್ದ ತಂತ್ರಾಂಶವನ್ನು ಮುಚ್ಚಿ ಹುಡುಗ ಊಟಕ್ಕೆ ಹೋಗಿರುತ್ತಾನೆ. ಬಂದು ಕ್ಲಿಕ್ ಮಾಡಿದರೆ ಅದು ತೆರೆಯುವುದಿಲ್ಲ. ಹತ್ತು ಸಲ ಒತ್ತಿದರೂ ಇಲ್ಲ. ಹೆಣ್ಣಿನ ಅಪ್ಪ ಬಾಗಿಲಲ್ಲೇ ನಿಂತಿರುತ್ತಾರೆ. ರಿಪೇರಿಯವನನ್ನು ಕರೆಸಿದರೆ ಅವನದು ಒಂದೇ ಮಾತು: 'ಸಾರ್, ಫಾರ್ಮ್ಯಾಟ್ ಮಾಡಬೇಕು!'

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಅಂದರೆ ಇದೇ. ಬೇರೆ ಕಡೆ ಪ್ರತಿ ಇಡದಿದ್ದರೆ ಫಾಂಟುಗಳು ಹೋದವು, ಶಾಲೆಯ ಸ್ಮರಣ ಸಂಚಿಕೆ ಹೋಯಿತು, ಊರಿನ ಕವಿಯೊಬ್ಬರ ಪುಸ್ತಕದ ಫೈಲೂ ಹೋಯಿತು. ಕೂಲಿ ಬೇರೆ ಕೊಡಬೇಕು!

ನಿಜವಾದ ರೋಗ ಬಹಳ ಸಲ ಸಣ್ಣದು. ಕಿಟಕಿ ಮುಚ್ಚಿದ ಮಾತ್ರಕ್ಕೆ ತಂತ್ರಾಂಶ ಮುಚ್ಚಿತು ಎಂದಲ್ಲ. ಅದು ಕಣ್ಣಿಗೆ ಕಾಣದಂತೆ ಒಳಗೆ ಓಡುತ್ತಲೇ ಇರುತ್ತದೆ. ಅರಸೀಕೆರೆ ಜಂಕ್ಷನ್ ನೋಡಿದ್ದೀರಲ್ಲ? ಪ್ಲಾಟ್‌ಫಾರಂ ಖಾಲಿಯಾಗದೆ ಅಲ್ಲಿಗೆ ಬರಬೇಕಾದ ಇನ್ನೊಂದು ಗಾಡಿಗೆ ಸಿಗ್ನಲ್ ಸಿಗದು. ಇಲ್ಲೂ ಹಾಗೆಯೇ. 'ನಾನು ಆಗಲೇ ಓಡುತ್ತಿದ್ದೇನೆ' ಎಂದು ತಿಳಿದ ತಂತ್ರಾಂಶ ಎರಡನೇ ಸಲ ತೆರೆಯಲು ಒಪ್ಪುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ ನೋಡಿ. ಕನ್ನಡ ಕೀಲಿಮಣೆ ತಂತ್ರಾಂಶಗಳು ಸಾಮಾನ್ಯವಾಗಿ ಅಲ್ಲೇ ಕೂತಿರುತ್ತವೆ. ಎರಡನೆಯದು, ಒಂದೆರಡು ನಿಮಿಷ ಕಾಯಿರಿ. ಅದು ಫೈಲನ್ನು ಉಳಿಸುತ್ತಿರಬಹುದು. ಮೂರನೆಯದು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪಟ್ಟಿಯಲ್ಲಿ ನಿಮ್ಮ ತಂತ್ರಾಂಶದ ಹೆಸರು ಹುಡುಕಿ 'ಎಂಡ್ ಟಾಸ್ಕ್' ಕೊಡಿ. ಉಳಿಸದ ಕೆಲಸ ಹೋಗುತ್ತದೆ, ಅದಕ್ಕೇ ಮೊದಲು ಕಾಯಿರಿ ಎಂದದ್ದು. ಈಗ ಮತ್ತೆ ತೆರೆಯಿರಿ. ಬಹಳಷ್ಟು ಸಲ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಮುಗಿಯಲಿಲ್ಲವೇ? ನಿನ್ನೆ ಮೊನ್ನೆ ಹೊಸ ಫಾಂಟ್ ಹಾಕಿದ್ದರೆ ತೆಗೆದು ನೋಡಿ. ಕೆಟ್ಟುಹೋದ ಒಂದೇ ಫಾಂಟ್ ಇಡೀ ಪುಟವಿನ್ಯಾಸ ತಂತ್ರಾಂಶವನ್ನು ಬಾಗಿಲಲ್ಲೇ ತಡೆಯಬಲ್ಲದು. ಇನ್‌ಡಿಸೈನ್ ಆದರೆ, ತೆರೆಯಲು ಕ್ಲಿಕ್ ಮಾಡಿದ ಕೂಡಲೇ ಕಂಟ್ರೋಲ್, ಆಲ್ಟ್, ಶಿಫ್ಟ್ ಒತ್ತಿ ಹಿಡಿಯಿರಿ. ಸೆಟ್ಟಿಂಗ್ ಅಳಿಸಲೇ ಎಂದು ಕೇಳುತ್ತದೆ, ಹೂಂ ಅನ್ನಿ. ಲಿಬ್ರೆಆಫೀಸ್‌ಗೆ 'ಸೇಫ್ ಮೋಡ್' ಇದೆ. ಇವೆಲ್ಲ ಕೆಟ್ಟ ಸೆಟ್ಟಿಂಗಿಗೆ ಮದ್ದು. ನೀವು ಮಾಡಿದ ಪುಟಗಳಿಗೆ ಏನೂ ಆಗದು.

ಇಷ್ಟು ಸರಳವಾದದ್ದು ನಮ್ಮ ಹುಡುಗರಿಗೆ ಏಕೆ ಗೊತ್ತಿಲ್ಲ? ದಡ್ಡರೆಂದೇ? ಅಲ್ಲ! ಕಂಪ್ಯೂಟರ್ ತನ್ನ ನೋವನ್ನು ಇಂಗ್ಲಿಷಿನಲ್ಲಿ ಹೇಳುತ್ತದೆ. ಏಳನೇ ಕ್ಲಾಸು ಓದಿ ಕಂಪೋಸಿಂಗ್ ಕಲಿತ ಹುಡುಗ ಅದನ್ನು ಓದದೆ 'ಓಕೆ' ಒತ್ತುತ್ತಾನೆ. ವಿಂಡೋಸ್‌ಗೆ ಕನ್ನಡ ಮುಖವಿದೆ, ಲಿಬ್ರೆಆಫೀಸ್‌ಗೂ ಇದೆ. ಹಾಕಿಕೊಂಡವರು ನಿಮ್ಮಲ್ಲಿ ಎಷ್ಟು ಮಂದಿ? ಬೆಂಗಳೂರಿನ ಕಂಪನಿಗಳಲ್ಲಿ ಕೂತು ಜಗತ್ತಿನ ಕಂಪ್ಯೂಟರುಗಳನ್ನೆಲ್ಲ ರಿಪೇರಿ ಮಾಡುವ ತಮ್ಮಂದಿರೇ, ತಂಗಿಯರೇ, ಆ ವಿದ್ಯೆಯ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದಿದ್ದೀರಾ?

ಇನ್ನೊಂದು ಮಾತು. ಮುಂದೊಂದು ದಿನ ಯಾವ ಮದ್ದೂ ನಾಟದೆ ಇರಬಹುದು. ನಾವೆಲ್ಲ ನೆಚ್ಚಿಕೊಂಡಿದ್ದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಆಮೇಲೆ ಹೊಸದಿಲ್ಲ. ಹಳೆಯ ಫಾಂಟಿನಲ್ಲಿ ಹೊಡೆದ ಕನ್ನಡ, ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಕಸವಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗವಿದೆ. ಹಳೆಯದನ್ನು ಅದಕ್ಕೆ ಬದಲಿಸುವ ಪರಿವರ್ತಕಗಳೂ ಇವೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. 450ರದು. ಲಿಪಿ ಬಲ್ಲವರು ಅದನ್ನು ಇವತ್ತಿಗೂ ಓದುತ್ತಾರೆ. ನಾವು 20 ವರ್ಷದ ಹಿಂದೆ ಕಂಪೋಸ್ ಮಾಡಿದ್ದನ್ನು ನಮ್ಮ ಮಕ್ಕಳು ಓದಲಾಗದಿದ್ದರೆ ಅದು ಯಾರ ತಪ್ಪು?

ಹಬ್ಬಕ್ಕೆ ಊರಿಗೆ ಬಂದಾಗ ಒಂದು ಗಂಟೆ ನಿಮ್ಮೂರಿನ ಪ್ರೆಸ್ಸಿನಲ್ಲಿ ಕೂರಿ. ಹಳೆಯ ಫೈಲುಗಳಿಗೆ ಒಂದು ಪ್ರತಿ ಮಾಡಿಡಿ, ಯೂನಿಕೋಡ್‌ಗೆ ಬದಲಿಸುವುದನ್ನು ಹುಡುಗನಿಗೆ ತೋರಿಸಿ. ಮೇಲೆ ಹೇಳಿದ ಕ್ರಮವನ್ನು ಅಚ್ಚ ಕನ್ನಡದಲ್ಲಿ ಬರೆದು ಕಂಪ್ಯೂಟರಿನ ಎದುರು ಗೋಡೆಗೆ ಅಂಟಿಸಿ. ನವೆಂಬರ್ 1ರ ಬಾವುಟ ಒಂದು ತಿಂಗಳು ಹಾರುತ್ತದೆ. ಈ ಚೀಟಿ ವರ್ಷವಿಡೀ ಕೆಲಸ ಮಾಡುತ್ತದೆ.