ಮಾಯದ ಬಾಯಿಹುಣ್ಣನ್ನು ಉಪೇಕ್ಷಿಸದಿರೋಣ

ಬಾಯಲ್ಲಿ ಹುಣ್ಣಾದರೆ ಉಷ್ಣವಾಯಿತೆಂದು ಮಜ್ಜಿಗೆ ಕುಡಿದು ಸುಮ್ಮನಾಗುವುದು ನಮ್ಮೆಲ್ಲರ ರೂಢಿ. ಬಹುಪಾಲು ಹುಣ್ಣುಗಳು ಎರಡು ವಾರಗಳೊಳಗೆ ತಾವಾಗಿಯೇ ಮಾಯುವುದರಿಂದ ಈ ರೂಢಿಯಲ್ಲಿ ದೋಷ ಕಾಣುವುದಿಲ್ಲ. ಆದರೆ ತಿಂಗಳು ಕಳೆದರೂ ಮಾಯದ ಹುಣ್ಣು ಪೆಂಫಿಗಸ್ ವಲ್ಗ್ಯಾರಿಸ್ ಎಂಬ ಅಪರೂಪದ ಚರ್ಮವ್ಯಾಧಿಯ ಮೊದಲ ಸೂಚನೆಯಾಗಿರಬಹುದು.

ಇದು ಹೆಚ್ಚಾಗಿ ನಡುವಯಸ್ಸಿನವರನ್ನು ಕಾಡುವ ವ್ಯಾಧಿ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಇಲ್ಲಿ ದಾರಿ ತಪ್ಪುತ್ತದೆ. ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಬೆಸೆಯುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನನ್ನು ಶತ್ರುವೆಂದು ಬಗೆದು ಅದರ ಮೇಲೆ ಎರಗುತ್ತದೆ. ಗಾರೆ ಕಳಚಿದ ಗೋಡೆಯ ಇಟ್ಟಿಗೆಗಳಂತೆ ಜೀವಕೋಶಗಳು ಬಿಡಿಯಾಗುತ್ತವೆ. ತೆಳುವಾದ ನೀರುಗುಳ್ಳೆಗಳೆದ್ದು, ತುಸು ತಗುಲಿದರೂ ಒಡೆದು ಹಸಿಗಾಯಗಳಾಗುತ್ತವೆ.

ಗುಳ್ಳೆ ಕಂಡೊಡನೆ ಸರ್ಪಸುತ್ತೆಂದು ಕೆಮ್ಮಣ್ಣು ಬಳಿದು, ಮಂತ್ರ ಹಾಕಿಸಿ ಕಾಲ ಕಳೆಯುವುದು ಸಲ್ಲದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಸರ್ಪಸುತ್ತು ವೈರಾಣುವಿನಿಂದ ಬರುವಂಥದು. ಸಾಮಾನ್ಯವಾಗಿ ದೇಹದ ಒಂದೇ ಪಾರ್ಶ್ವದಲ್ಲಿ ಪಟ್ಟಿಯಂತೆದ್ದು ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿದದ್ದನ್ನು ಮಂತ್ರದ ಫಲವೆಂದು ನಂಬುತ್ತೇವೆ. ಪೆಂಫಿಗಸ್ ಹಾಗೆ ಇಳಿಯುವ ವ್ಯಾಧಿಯಲ್ಲ. ಚರ್ಮತಜ್ಞರು ಗುಳ್ಳೆಯ ಅಂಚಿನಿಂದ ಒಂದು, ಪಕ್ಕದ ಒಡೆಯದ ಚರ್ಮದಿಂದ ಇನ್ನೊಂದು ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸಿದರೆ ನಿಜ ತಿಳಿಯುತ್ತದೆ.

1950ರ ದಶಕದಲ್ಲಿ ಸ್ಟೀರಾಯ್ಡ್ ಬಳಕೆಗೆ ಬರುವ ಮುನ್ನ ಈ ವ್ಯಾಧಿ ಬಹುಮಟ್ಟಿಗೆ ಮರಣಾಂತಿಕವಾಗಿತ್ತು. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಜೆ.ಎಸ್. ಪಸ್ರೀಚ ಅವರು, ತಿಂಗಳಿಗೊಮ್ಮೆ ಸತತ ಮೂರು ದಿನ ಹೆಚ್ಚಿನ ಪ್ರಮಾಣದ ಔಷಧವನ್ನು ರಕ್ತನಾಳದ ಮೂಲಕ ನೀಡುವ ಪಲ್ಸ್ ಚಿಕಿತ್ಸೆಯನ್ನು ರೂಪಿಸಿದರು. ಈಗ ರಿಟುಕ್ಸಿಮ್ಯಾಬ್ ಎಂಬ ಚುಚ್ಚುಮದ್ದೂ ಇದೆ.

ಗಾಯ ಮಾಯಿತೆಂದು ಔಷಧವನ್ನು ನಡುವೆಯೇ ಬಿಡುವುದು ಅಪಾಯಕರ. ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಬಾರದು. ವೈದ್ಯರ ಸಲಹೆಯಂತೆ ಕ್ರಮೇಣ ಇಳಿಸಬೇಕು. ಸಕ್ಕರೆ, ರಕ್ತದೊತ್ತಡ, ಮೂಳೆಗಳ ಮೇಲೂ ನಿಗಾ ಇರಬೇಕು.

ಸದ್ಭಕ್ತರಲ್ಲಿ ನಮ್ಮ ಕೊನೆಯ ವಿನಂತಿ ಇದು. ಪೆಂಫಿಗಸ್ ಅಂಟುರೋಗವಲ್ಲ. ಆದರೂ ಅನೇಕ ಮನೆಗಳಲ್ಲಿ ರೋಗಿಯ ತಟ್ಟೆ, ಹಾಸಿಗೆ ಬೇರೆಯಾಗುತ್ತವೆ. ಪಾಪದ ಫಲವೆಂಬ ಮಾತೂ ಕೇಳಿಬರುತ್ತದೆ. ಚಿಕಿತ್ಸೆಯಿಂದ ನಿರೋಧಕ ಶಕ್ತಿ ತಗ್ಗಿರುವ ರೋಗಿಗೆ ನಮ್ಮಿಂದ ನೆಗಡಿ, ಜ್ವರ ತಗುಲೀತೇ ಹೊರತು ಅವರಿಂದ ಈ ವ್ಯಾಧಿ ನಮಗೆ ತಗುಲದು. ಕೈತೊಳೆದುಕೊಂಡು ಹತ್ತಿರ ಕುಳಿತು, ಖಾರವಿಲ್ಲದ ಮೆತ್ತನೆಯ ಗಂಜಿಯನ್ನು ಉಣಿಸೋಣ. ದೂರವಿಡಬೇಕಾದುದು ವಿಳಂಬವನ್ನು, ರೋಗಿಯನ್ನಲ್ಲ.